‘ಇನ್ನೊಂದ್ಸಲ ಹೇಳಿ’ ಅನ್ನೋರಿಗೆ ಟೈಮ್ ಕೊಡಿ

ಮಾನ್ಯ ಸಂಪಾದಕರೇ,

ಮೊನ್ನೆ ಮಗಳ ಮನೆಗೆ ಅಂತ ಪುಣೆಗೆ ಹೊರಟಿದ್ದೆ. ದೇವನಹಳ್ಳಿ ಏರ್‌ಪೋರ್ಟಲ್ಲಿ ವಿಮಾನ ರನ್‌ವೇ ಹತ್ರ ಬಂದು ಹತ್ತು ನಿಮಿಷ ನಿಂತಿತು, ಅಷ್ಟಕ್ಕೇ ಹಿಂದಿನ ಸೀಟಿನವರು ಹೆಬ್ಬಾಳ ಸಿಗ್ನಲ್ಲೇ ವಾಸಿ ಅಂತ ಏರ್‌ಹೋಸ್ಟೆಸ್ ಹುಡುಗಿ ಮೇಲೆ ರೇಗಾಡಿಬಿಟ್ರು. ಮನಸ್ಸಿಗೆ ಬೇಜಾರಾಯ್ತು. ಪೈಲಟ್‌ಗೂ, ವಿಮಾನಗಳಿಗೆ ರೇಡಿಯೋಲಿ ಅಪ್ಪಣೆ ಕೊಡೋ ಕಂಟ್ರೋಲರ್‌ಗೂ ಮಾತು ಸರಿಯಾಗಿ ತಲುಪೋಕೆ ಕೆಲವು ಸಲ ಇಷ್ಟು ಹೊತ್ತು ಬೇಕಾಗುತ್ತೆ, ಅದನ್ನ ಹೇಳೋಕೇ ಈ ಪತ್ರ.

ನಾನು ಸ್ಟೇಷನ್ ಮಾಸ್ಟರ್ ಆಗಿ ರಿಟೈರ್ ಆದವನು. ನಮ್ಮಲ್ಲಿ ಗೇಟ್‌ಮ್ಯಾನ್ ಫೋನಲ್ಲಿ ‘ಗೇಟ್ ಹಾಕಿದೀನಿ ಸಾರ್’ ಅಂದ್ರೆ ಸಾಲದು, ಪ್ರೈವೇಟ್ ನಂಬರ್ ಕೊಡಬೇಕು, ಅಂದ್ರೆ ಮಾತು ಪಕ್ಕಾ ಅನ್ನೋದಕ್ಕೆ ಒಂದು ಗುರುತಿನ ಸಂಖ್ಯೆ, ಅದನ್ನ ನಾವು ಬರ್ಕೊಂಡ ಮೇಲೇ ಸಿಗ್ನಲ್. ಒಂದ್ಸಲ ಜೋರು ಮಳೇಲಿ ಲೈನ್ ಗರಗರ ಅಂತಿತ್ತು, ಅವನು ಅಂದಿದ್ದು ಅರವತ್ತೋ ಎಪ್ಪತ್ತೋ ಗೊತ್ತಾಗ್ಲಿಲ್ಲ, ಮೂರು ಸಲ ಕೇಳ್ದೆ, ಅಷ್ಟರಲ್ಲಿ ಎಕ್ಸ್‌ಪ್ರೆಸ್ ಗಾಡಿ ನಾಲ್ಕು ನಿಮಿಷ ನಿಂತ್ಕೊಳ್ತು. ಬೈಸ್ಕೋತೀನಿ ಅಂತ ಹೆದರಿದ್ದೆ, ಯಾರೂ ಬೈಲಿಲ್ಲ. ಆ ಒಂದು ಧೈರ್ಯದ ಮೇಲೇ ಉಳಿದ ಸರ್ವಿಸ್ ಮಾಡ್ದೆ.

ವಿಮಾನದಲ್ಲೂ ಇದೇ ಲೆಕ್ಕ. ಹೊರಡೋ ವಿಮಾನದ ಪೈಲಟ್ ಮೊದಲು ಡೆಲಿವರಿ (ಹೋಗೋ ದಾರಿಗೆ ಒಪ್ಪಿಗೆ ಕೊಡೋರು), ಆಮೇಲೆ ಗ್ರೌಂಡ್ (ನೆಲದ ಮೇಲಿನ ಓಡಾಟ ನೋಡೋರು), ಟವರ್ (ರನ್‌ವೇ ನೋಡೋರು), ಮೇಲೇರಿದ ಮೇಲೆ ರೇಡಾರ್, ಹೀಗೆ ಒಬ್ಬರಾದ ಮೇಲೆ ಒಬ್ಬ ಕಂಟ್ರೋಲರ್ ಹತ್ರ ರೇಡಿಯೋ ಫ್ರೀಕ್ವೆನ್ಸಿ ಬದಲಾಯಿಸ್ಕೊಂಡು ಮಾತಾಡ್ತಾ ಹೋಗ್ಬೇಕು, ಅವರು ಹೇಳಿದ ರನ್‌ವೇ, ಎತ್ತರ, ದಿಕ್ಕು ಎಲ್ಲಾ ವಾಪಸ್ ಒಪ್ಪಿಸಬೇಕು, ಅದಕ್ಕೆ ರೀಡ್‌ಬ್ಯಾಕ್ ಅಂತಾರೆ, ಕಂಟ್ರೋಲರ್ ಅದನ್ನ ಕಿವಿಗೊಟ್ಟು ಕೇಳಿ ತಪ್ಪಿದ್ರೆ ತಿದ್ದಬೇಕು. ಒಂದು ಫ್ರೀಕ್ವೆನ್ಸಿಲಿ ಒಂದ್ಸಲಕ್ಕೆ ಒಬ್ಬರೇ ಮಾತಾಡೋಕಾಗೋದು. ಇಬ್ರು ಒಟ್ಟಿಗೆ ಬಟನ್ ಒತ್ತಿದ್ರೆ ಬರೀ ಕೀರಲು ಸದ್ದು, ಇಬ್ಬರ ಮಾತೂ ಹೋಯ್ತು.

ಆ ಕೀರಲು ಸದ್ದಲ್ಲಿ ಎಷ್ಟು ಜೀವ ಹೋಗಿದೆ ಗೊತ್ತಾ? 1977ರ ಮಾರ್ಚ್ 27, ಸ್ಪೇನ್‌ನ ಟೆನೆರಿಫ್ ದ್ವೀಪ, ರನ್‌ವೇ ಮೇಲೆ ಮಂಜು. ನೆದರ್ಲೆಂಡ್ಸ್‌ನ ಕೆಎಲ್‌ಎಂ ಕಂಪನಿ ವಿಮಾನಕ್ಕೆ ಟವರ್ ಕೊಟ್ಟಿದ್ದು ಮೇಲೇರಿದ ಮೇಲೆ ಹೋಗ್ಬೇಕಾದ ದಾರಿ ಮಾತ್ರ, ಹಾರೋಕೆ ಪರ್ಮಿಷನ್ ಅಲ್ಲ, ಆದ್ರೆ ಆ ಮಾತಲ್ಲೂ ‘ಟೇಕಾಫ್’ ಅನ್ನೋ ಪದ ಇತ್ತು. ಕೋ-ಪೈಲಟ್ ರೀಡ್‌ಬ್ಯಾಕ್ ಮುಗಿಸಿ ನಾವೀಗ ಟೇಕಾಫ್‌ನಲ್ಲಿದೀವಿ ಅನ್ನೋ ಥರ ಏನೋ ಅಂದ. ಕಂಟ್ರೋಲರ್ ‘ಓಕೆ’ ಅಂದು, ಒಂದು ಕ್ಷಣ ಬಿಟ್ಟು, ಕಾಯಿರಿ ನಾನೇ ಕರೀತೀನಿ ಅಂದ. ಅದೇ ಹೊತ್ತಿಗೆ ಅದೇ ರನ್‌ವೇ ಮೇಲಿದ್ದ ಅಮೆರಿಕದ ಪ್ಯಾನ್ ಆಮ್ ಕಂಪನಿ ವಿಮಾನದವರು ನಾವಿನ್ನೂ ಇಲ್ಲೇ ಇದೀವಿ ಅಂತ ಮೈಕ್ ಒತ್ತಿದ್ರು. ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಸರಿಯಾಗಿ ಕೇಳಿಸಿದ್ದು ಆ ‘ಓಕೆ’ ಒಂದೇ. ಅವರ ಫ್ಲೈಟ್ ಇಂಜಿನಿಯರ್‌ಗೆ ಅನುಮಾನ ಬಂದು ಆ ವಿಮಾನ ಇನ್ನೂ ಆಚೆ ಹೋಗಿಲ್ವಾ ಅಂತ ಕೇಳಿದ್ರು ಕೂಡ, ಕ್ಯಾಪ್ಟನ್ ಹೋಗಿದೆ ಅಂದ್ಬಿಟ್ರು. ಎರಡೂ ವಿಮಾನ ಡಿಕ್ಕಿ ಹೊಡೆದು 583 ಜನ ಸತ್ರು. ಈ ಇಂಜಿನಿಯರ್ ವಿಷಯ ನೆನೆಸ್ಕೊಂಡಾಗೆಲ್ಲಾ ನನಗೆ ಹೊಟ್ಟೆ ಕಿವುಚಿದಂಗಾಗುತ್ತೆ, ಇನ್ನೊಂದ್ಸಲ ಟವರನ್ನೇ ಕೇಳೋಣ ಅಂದಿದ್ರೆ ಅರ್ಧ ನಿಮಿಷದ ಮಾತು. ಆಮೇಲೆ ರೂಲ್ ಬದಲಾಯ್ತು, ‘ಟೇಕಾಫ್’ ಪದವನ್ನ ಹಾರೋಕೆ ಪರ್ಮಿಷನ್ ಕೊಡುವಾಗ ಇಲ್ಲಾ ಅದನ್ನ ವಾಪಸ್ ತಗೊಳ್ಳುವಾಗ ಮಾತ್ರ ಬಳಸಬೇಕು, ಬೇರೆ ಕಡೆ ‘ಡಿಪಾರ್ಚರ್’ ಅನ್ನಬೇಕು.

ಹಳೇ ಕಾಲದ ಕಥೆ ಅನ್ಬೇಡಿ. 2024ರ ಜನವರಿ 2ರಂದು ಟೋಕಿಯೋದ ಹನೇಡಾ ಏರ್‌ಪೋರ್ಟಲ್ಲಿ ಕೋಸ್ಟ್ ಗಾರ್ಡ್ ವಿಮಾನಕ್ಕೆ ಹೊರಡೋ ಸಾಲಲ್ಲಿ ನೀನು ನಂಬರ್ ಒನ್, ರನ್‌ವೇ ಹೊರಗೆ ಕಾಯೋ ಜಾಗಕ್ಕೆ ಬಾ ಅಂದಿದ್ರು, ಅದು ತಪ್ಪು ತಿಳ್ಕೊಂಡು ಸೀದಾ ರನ್‌ವೇಗೇ ಹೋಗಿ ನಿಂತಿತು, ಇಳೀತಿದ್ದ ದೊಡ್ಡ ವಿಮಾನ ಬಂದು ಗುದ್ದಿ ಕೋಸ್ಟ್ ಗಾರ್ಡ್‌ನ 5 ಜನ ಹೋದ್ರು.

ನಮ್ಮ ಬೆಂಗಳೂರಲ್ಲೇ 2022ರ ಜನವರಿ 7ರ ಬೆಳಿಗ್ಗೆ ಏನಾಯ್ತು ಅಂತ ಎಷ್ಟು ಜನಕ್ಕೆ ನೆನಪಿದೆ? ಒಂದು ರನ್‌ವೇ ನಿಲ್ಲಿಸಿ ಎಲ್ಲಾ ಇನ್ನೊಂದರಲ್ಲೇ ಮಾಡೋಣ ಅಂತ ತೀರ್ಮಾನ ಆಗಿತ್ತು, ಆ ಮಾತು ನಿಲ್ಲಿಸಿದ ರನ್‌ವೇ ನೋಡ್ಕೊಳ್ತಿದ್ದ ಕಂಟ್ರೋಲರ್‌ಗೇ ತಲುಪಲಿಲ್ಲ. ಅಕ್ಕಪಕ್ಕದ ಎರಡು ರನ್‌ವೇಯಿಂದ ಎರಡು ವಿಮಾನ ಹೆಚ್ಚೂಕಮ್ಮಿ ಒಟ್ಟಿಗೇ ಎದ್ದು ಒಂದರ ಕಡೆ ಒಂದು ಹೋಗ್ತಿದ್ವು, ರೇಡಾರ್ ಕಂಟ್ರೋಲರ್ ನೋಡಿ ದಿಕ್ಕು ಬದಲಾಯಿಸೋಕೆ ಹೇಳಿದ್ರಿಂದ 400ಕ್ಕೂ ಹೆಚ್ಚು ಜನ ಉಳ್ಕೊಂಡ್ರು. ಪೈಲಟ್‌ಗಳ ರೀಡ್‌ಬ್ಯಾಕ್ ಎಷ್ಟೇ ಸರಿ ಇದ್ರೂ ಟವರ್ ಒಳಗೇ ಮಾತು ನಿಂತುಹೋದ್ರೆ ಏನ್ ಮಾಡೋಕಾಗುತ್ತೆ ಹೇಳಿ.

ಅದಕ್ಕೆ ಮೇಲಧಿಕಾರಿಗಳಿಗೆ ನನ್ನ ವಿನಂತಿ, ‘ಇನ್ನೊಂದ್ಸಲ ಹೇಳಿ’ ಅಂತ ಕೇಳಿ ವಿಮಾನ ಲೇಟ್ ಮಾಡಿದ ಪೈಲಟ್‌ನ, ಕಂಟ್ರೋಲರ್‌ನ ದಯವಿಟ್ಟು ಯಾರೂ ಕರೆದು ವಿಚಾರಿಸ್ಬೇಡಿ. ರನ್‌ವೇ ಬದಲಾದ್ರೆ ಬಾಯಿಮಾತಲ್ಲಿ ಬಿಡದೆ ಪ್ರತಿಯೊಬ್ಬರಿಂದಲೂ ವಾಪಸ್ ಹೇಳಿಸಿ ಬರ್ಕೊಳ್ಳಿ, ನಾವು ಗೇಟ್‌ಮ್ಯಾನ್ ಹತ್ರ ಮಾಡ್ತಿದ್ದಂಗೆ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೇಳ್ತೀನಿ. ವಿಮಾನ ಲೇಟ್ ಅನ್ನೋ ಸುದ್ದಿ ವಾರಕ್ಕೊಂದು ಬರುತ್ತೆ, 2022ರ ಆ ಘಟನೆ ಬಗ್ಗೆ ತನಿಖೆ ವರದಿಲಿ ಏನಿದೆ ಅಂತ ನಮ್ಮಂಥವರಿಗೆ ಅರ್ಥ ಆಗೋ ಕನ್ನಡದಲ್ಲಿ ಒಂದು ಪುಟ ಹಾಕಿ. ಆ ಹಿಂದಿನ ಸೀಟಿನವರೂ ಓದ್ಲಿ.

ಇತಿ,
ಒಬ್ಬ ನಿವೃತ್ತ ಸ್ಟೇಷನ್ ಮಾಸ್ಟರ್
ಯಲಹಂಕ, ಬೆಂಗಳೂರು