ಸಾಫ್ಟ್‌ಬಾಲ್ ಪಿಚರ್‌ಗೆ ಎರಡು ಎಸೆತದ ನಡುವೆ ಏನು ಕಲಿಸುತ್ತಿದ್ದೇವೆ?

ಮಾನ್ಯ ಸಂಪಾದಕರೆ,

ಶಾಲಾ ಕ್ರೀಡಾಕೂಟಗಳು ಶುರುವಾದರೆ ಜಿಲ್ಲಾ ಪುಟದಲ್ಲಿ ಕಬಡ್ಡಿ, ಕೊಕ್ಕೊಗೆ ಫೋಟೊ, ಸಾಫ್ಟ್‌ಬಾಲ್‌ಗೆ ಎರಡು ಸಾಲು. ಅದಕ್ಕೆ ತಕರಾರಿಲ್ಲ, ಆಡುವ ತಂಡಗಳೇ ಕಡಿಮೆ. ಆದರೆ ತುಮಕೂರು, ಮಧುಗಿರಿ ಎರಡೂ ಶೈಕ್ಷಣಿಕ ಜಿಲ್ಲೆಗಳ ಬಾಲಕಿಯರ ಪಂದ್ಯಗಳನ್ನು ನೋಡುವವರಿಗೆ ಗೊತ್ತಿರುವ ಒಂದು ಸಂಗತಿ ಆ ಎರಡು ಸಾಲಿನಲ್ಲಿ ಬರುವುದಿಲ್ಲ. ನಮ್ಮ ತಂಡಗಳು ಎದುರಾಳಿಯ ಹೊಡೆತಕ್ಕಿಂತ ಹೆಚ್ಚಾಗಿ ವಾಕ್‌ಗಳಿಂದ ಸೋಲುತ್ತವೆ. ಹೊಡೆಯುವ ವಲಯದಿಂದ ಆಚೆ ಹೋದ, ಬ್ಯಾಟರ್ ಬೀಸದೆ ಬಿಟ್ಟ ಎಸೆತ ‘ಬಾಲ್’; ಅಂಥ ನಾಲ್ಕಾದರೆ ‘ವಾಕ್’, ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ. ನಾಲ್ಕು ಬಾಲ್, ಒಂದು ವಾಕ್. ಮತ್ತೊಂದು ವಾಕ್. ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಕೈಯಿಂದ ಜಾರಿದ ಒಂದು ಸುಲಭದ ಚೆಂಡು. ಚೆಂಡು ಎಸೆಯುವ ಪಿಚರ್ ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡುತ್ತಾಳೆ. ಅಲ್ಲಿಂದ ಐದಾರು ರನ್ ಹೋಗುವುದು ಯಾರಿಗೂ ಆಶ್ಚರ್ಯವಲ್ಲ.

ಆ ಹುಡುಗಿಯ ತೋಳಿಗೆ ಏನೂ ಆಗಿರುವುದಿಲ್ಲ. ಅಭ್ಯಾಸದಲ್ಲಿ ಅದೇ ತೋಳು ಹತ್ತಕ್ಕೆ ಆರೇಳು ಸ್ಟ್ರೈಕ್, ಅಂದರೆ ವಲಯದೊಳಗಿನ ಎಸೆತ, ಹಾಕಿರುತ್ತದೆ. ಬೌಂಡರಿಯಾಚೆಯಿಂದ ನಾವು ಕೂಗುವುದು ‘ಧೈರ್ಯವಾಗಿ ಹಾಕಮ್ಮ’, ‘ಮನಸ್ಸು ಗಟ್ಟಿ ಮಾಡ್ಕೊ’. ಗಟ್ಟಿ ಮಾಡಿಕೊಳ್ಳುವುದು ಹೇಗೆಂದು ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ತೋಳನ್ನು ಪೂರ್ತಿ ಸುತ್ತಿಸಿ ಕೆಳಗಿನಿಂದ ಎಸೆಯುವ ವಿಂಡ್‌ಮಿಲ್ ತಿರುವನ್ನು ತಿಂಗಳುಗಟ್ಟಲೆ ಕಲಿಸುವ ನಾವು ಎಸೆತ ಮುಗಿದು ಮುಂದಿನ ಎಸೆತ ಬರುವವರೆಗಿನ ಸಮಯವನ್ನು ಮಗುವಿನ ಪಾಡಿಗೆ ಬಿಟ್ಟಿದ್ದೇವೆ. ಪಂದ್ಯ ಕೈತಪ್ಪುವುದು ಅಲ್ಲಿಯೇ.

ಮೊದಲು ಭಯ ದೇಹದಲ್ಲಿ ಏನು ಮಾಡುತ್ತದೆ ನೋಡೋಣ. 12 ಅಂಗುಲ ಸುತ್ತಳತೆಯ ಚೆಂಡು ಎಂಟು-ಒಂಬತ್ತನೇ ತರಗತಿಯ ಕೈಗೆ ದೊಡ್ಡದು. ನಿರಾಳವಾಗಿದ್ದಾಗ ಅದನ್ನು ಬೆರಳುಗಳಲ್ಲಿ ಹಿಡಿಯುತ್ತಾರೆ; ಹೆದರಿದಾಗ ಅಂಗೈಗೆ ಒತ್ತಿಕೊಳ್ಳುತ್ತಾರೆ. ಬಿಗಿ ಹಿಡಿತದಿಂದ ಮುಂಗೈ ಸೆಟೆಯುತ್ತದೆ, ತೊಡೆಯ ಪಕ್ಕದಲ್ಲಿ ಬಿಡಬೇಕಾದ ಚೆಂಡು ತಡವಾಗಿ ಬಿಡುತ್ತದೆ, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ತಲೆಯ ಮೇಲೆ ಹೋಗುತ್ತದೆ. ಅದನ್ನು ಸರಿಪಡಿಸಲು ಹುಡುಗಿ ಮುಂದಿನದನ್ನು ‘ಜೋಪಾನವಾಗಿ’ ಎಸೆಯುತ್ತಾಳೆ. ತೋಳಿನ ವೇಗ ಇಳಿಯುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ, ಚೆಂಡು ಬ್ಯಾಟರ್ ಪಕ್ಕದ ಹೋಮ್ ಪ್ಲೇಟಿನ ಮುಂದೆ ಮಣ್ಣಿಗೆ ಬೀಳುತ್ತದೆ. ಒಂದು ಮೇಲೆ, ಒಂದು ಕೆಳಗೆ: ಈ ಜೋಡಿ ಕಂಡರೆ ಅದು ತಂತ್ರದ ದೋಷವಲ್ಲ, ಹಿಡಿತದ ಬಿಗಿ ಎಂದು ತಿಳಿಯಬೇಕು. ಆಗ ‘ಹೆಜ್ಜೆ ನೇರ ಇಡು, ಮಣಿಕಟ್ಟು ತಿರುಗಿಸು, ಭುಜ ಮುಚ್ಚು’ ಎಂದು ಮೂರು ಸೂಚನೆ ಕೂಗಿದರೆ ಇದ್ದದ್ದೂ ಕೆಡುತ್ತದೆ. ‘ಬೆರಳು ಸಡಿಲ, ತೋಳು ಜೋರು’ ಎಂಬ ಒಂದೇ ಮಾತು ಸಾಕು. ‘ವಾಕ್ ಕೊಡಬೇಡ’ ಎನ್ನುವುದಂತೂ ಬೇಡವೇ ಬೇಡ. ಆ ಮಾತಿನಲ್ಲಿ ಹುಡುಗಿ ಮಾಡಬೇಕಾದ ಕೆಲಸವೇ ಇಲ್ಲ. ‘ಕ್ಯಾಚರ್ ಬಲ ಮೊಣಕಾಲಿಗೆ’ ಎಂದರೆ ಅದರಲ್ಲಿ ಕೆಲಸವಿದೆ.

ಇನ್ನು ಎಸೆತಗಳ ನಡುವಿನ ಸಮಯ. ಚೆಂಡು ಕೈಗೆ ಬಂದ ಮೇಲೆ ಮುಂದಿನ ಎಸೆತಕ್ಕೆ ನಿಯಮದಲ್ಲಿ 20 ಸೆಕೆಂಡು ಇದೆ. ಹೆದರಿದ ಪಿಚರ್ ಇದನ್ನು ಬಳಸುವುದೇ ಇಲ್ಲ. ಚೆಂಡು ಸಿಕ್ಕ ಕೂಡಲೇ ತಾನು ನಿಂತು ಎಸೆಯುವ ಪಿಚರ್ ಪ್ಲೇಟ್ ಹತ್ತಿ ಎಸೆದುಬಿಡುತ್ತಾಳೆ, ಮುಗಿದರೆ ಸಾಕೆಂಬ ಹಾಗೆ. ಅವಳಿಗೆ ಕೆಲಸಗಳ ಒಂದು ಕ್ರಮ ಬೇಕು, ಅದು ಪ್ರತಿ ಸಲವೂ ಒಂದೇ ಆಗಿರಬೇಕು. ಚೆಂಡು ಹಿಡಿದು ಬ್ಯಾಟರ್‌ಗೆ ಬೆನ್ನು ಮಾಡಿ ಪಿಚರ್ ಪ್ಲೇಟಿನ ಹಿಂದಕ್ಕೆ ಎರಡು ಹೆಜ್ಜೆ. ಹಿಂದಿನ ಎಸೆತದ ಬಗ್ಗೆ ಯೋಚಿಸಲು ಅವಕಾಶ ಅಷ್ಟು ಹೊತ್ತು ಮಾತ್ರ. ಮೂಗಿನಲ್ಲಿ ನಾಲ್ಕು ಎಣಿಸುತ್ತ ಉಸಿರೆಳೆದು ಬಾಯಲ್ಲಿ ಆರು ಎಣಿಸುತ್ತ ಬಿಡುವುದು. ಬಿಡುವ ಉಸಿರು ಉದ್ದವಾಗಿದ್ದರೆ ಭುಜ ತಾನಾಗಿ ಇಳಿಯುತ್ತದೆ. ಕಣ್ಣಿಗೆ ಒಂದು ಗೊತ್ತಾದ ಗುರುತು: ಸೆಂಟರ್ ಫೀಲ್ಡ್ ಹಿಂದಿನ ಮರವೋ ದೀಪದ ಕಂಬವೋ. ಬಳಿಕ ತಿರುಗಿ ಎಷ್ಟು ಔಟ್, ಚೆಂಡು ತನ್ನ ಕಡೆ ಬಂದರೆ ಎಲ್ಲಿಗೆ ಎಸೆಯಬೇಕು ಎಂದು ಒಮ್ಮೆ ಅಂದುಕೊಳ್ಳುವುದು. ಕೈ ಬೇರೆ ಬೇರೆ ಇಟ್ಟುಕೊಂಡೇ ಪ್ಲೇಟ್ ಮೇಲೆ ನಿಂತು ಕ್ಯಾಚರ್ ಸನ್ನೆ ನೋಡುವುದು, ಕೈ ಜೋಡಿಸಿ ನಿಲ್ಲುವುದು, ಎಸೆಯುವುದು. ಒಟ್ಟು 12ರಿಂದ 15 ಸೆಕೆಂಡು. ಸ್ಟ್ರೈಕ್ ಬಿದ್ದಾಗಲೂ ಇದೇ ಕ್ರಮ. ಬಾಲ್ ಬಿದ್ದಾಗ ಮಾತ್ರ ಮಾಡಿದರೆ ಪಿಚರ್ ಗಲಿಬಿಲಿಗೊಂಡಿದ್ದಾಳೆ ಎಂದು ಎದುರಾಳಿಗೆ ಹೇಳಿಕೊಟ್ಟ ಹಾಗೆ.

ಇದು ಪಂದ್ಯದ ದಿನ ಹುಟ್ಟುವುದಿಲ್ಲ. ಅಭ್ಯಾಸದಲ್ಲಿ ಸಾಲಾಗಿ ನೂರು ಚೆಂಡು ಎಸೆಸುವುದರ ಬದಲು ನಲವತ್ತು ಸಾಕು, ಪ್ರತಿಯೊಂದಕ್ಕೂ ಪೂರ್ತಿ ಕ್ರಮ ಇರಲಿ. ಎರಡು ಬಿದಿರು ಗಳ ನೆಟ್ಟು ಮೊಣಕಾಲಿನ ಮಟ್ಟಕ್ಕೊಂದು, ಕಂಕುಳ ಮಟ್ಟಕ್ಕಿಂತ ತುಸು ಕೆಳಗೊಂದು ಹುರಿ ಕಟ್ಟಿ. ನಡುವೆ ಹೋಮ್ ಪ್ಲೇಟಿನ ಅಗಲ 17 ಅಂಗುಲಕ್ಕೆ ಎರಡು ಹುರಿ ಇಳಿಬಿಡಿ. ಒಬ್ಬೊಬ್ಬ ಕಾಲ್ಪನಿಕ ಬ್ಯಾಟರ್‌ಗೂ ಲೆಕ್ಕವನ್ನು ಸೊನ್ನೆಯಿಂದ ಶುರು ಮಾಡಬೇಡಿ. ಮೂರು ಬಾಲ್, ಒಂದು ಸ್ಟ್ರೈಕ್‌ನಿಂದ ಶುರು ಮಾಡಿ. ವಾಕ್ ಆದರೆ ಇಡೀ ತಂಡ ಒಂದು ಸುತ್ತು ಓಡಲಿ ಎನ್ನುವ ಮೇಷ್ಟ್ರುಗಳಿದ್ದಾರೆ. ಅದು ಕೆಟ್ಟ ಪದ್ಧತಿ. ಪಿಚರ್ ಮೇಲೆ ಗೆಳತಿಯರ ಸಿಟ್ಟನ್ನು ಹೊರಿಸುತ್ತದೆ. ಅದರ ಬದಲು ಉಳಿದ ಹುಡುಗಿಯರು ಸುತ್ತ ನಿಂತು ತಟ್ಟೆ ಬಡಿದು ಗಲಾಟೆ ಮಾಡಲಿ, ಗಲಾಟೆಗೆ ಕಿವಿ ಒಗ್ಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಮೂರೇ ಕಾಲಂ: ಪ್ರತಿ ಬ್ಯಾಟರ್‌ಗೆ ಮೊದಲ ಎಸೆತ ಸ್ಟ್ರೈಕೇ? ಇನಿಂಗ್ಸ್‌ನ ಮೊದಲ ಬ್ಯಾಟರ್‌ಗೆ ವಾಕ್ ಹೋಯಿತೇ? ತಪ್ಪಾದ ಮೇಲಿನ ಮುಂದಿನ ಎಸೆತ ಎಲ್ಲಿ ಬಿತ್ತು? ಮೂರನೆಯದೇ ಮುಖ್ಯ. ರನ್ ಲೆಕ್ಕ ಸ್ಕೋರರ್ ನೋಡಿಕೊಳ್ಳುತ್ತಾರೆ.

ನಿಯಮ ಗೊತ್ತಿಲ್ಲದಿರುವುದೂ ಭಯಕ್ಕೆ ಒಂದು ಕಾರಣ. ಬೇಸ್ ಮೇಲೆ ಓಟಗಾರ್ತಿ ಕುಣಿದಾಡಿದರೆ ನಮ್ಮ ಪಿಚರ್‌ಗಳ ಕಣ್ಣು ಅಲ್ಲಿಗೇ ಹೋಗುತ್ತದೆ. ಚೆಂಡು ಪಿಚರ್ ಕೈ ಬಿಡುವವರೆಗೆ ಓಟಗಾರ್ತಿ ಬೇಸ್ ಬಿಡುವಂತಿಲ್ಲ, ಬಿಟ್ಟರೆ ಔಟ್. 8 ಅಡಿ ತ್ರಿಜ್ಯದ ಸುಣ್ಣದ ವೃತ್ತದೊಳಗೆ ಪಿಚರ್ ಚೆಂಡು ಹಿಡಿದು ನಿಂತರೆ, ನಡುದಾರಿಯಲ್ಲಿ ನಿಂತವಳು ಕೂಡಲೇ ಮುಂದಕ್ಕೋ ಹಿಂದಕ್ಕೋ ಹೋಗಲೇಬೇಕು. ಎಸೆಯುವ ಹಾಗೆ ಕೈ ಬೀಸಿ ಹೆದರಿಸಿದರೆ ಮಾತ್ರ ಆ ಕಟ್ಟು ಸಡಿಲವಾಗುತ್ತದೆ. ಚೆಂಡು ಹಿಡಿದು ಸುಮ್ಮನೆ ನಿಲ್ಲುವುದೇ ಜಾಣತನ. ಇಷ್ಟು ತಿಳಿದ ಹುಡುಗಿಯ ಅರ್ಧ ತಳಮಳ ಅಲ್ಲಿಗೇ ಇಳಿಯುತ್ತದೆ.

ತಂಡದ ವಿಷಯಕ್ಕೆ ಬಂದರೆ, ವೃತ್ತದಲ್ಲಿ ನಿಂತವಳ ಮುಖವನ್ನು ಉಳಿದ ಎಂಟು ಮಂದಿಯೂ ಪ್ರತಿ ಎಸೆತಕ್ಕೆ ನೋಡುತ್ತಾರೆ. ಎರಡನೇ ಬೇಸ್‌ನವಳು ಚೆಂಡು ಬಿಟ್ಟಾಗ ಪಿಚರ್ ಗ್ಲೌಸ್‌ನಿಂದ ತೊಡೆಗೆ ಹೊಡೆದುಕೊಂಡರೆ, ಮುಂದಿನ ಚೆಂಡು ತನ್ನ ಕಡೆ ಬಾರದಿರಲಿ ಎಂದು ಎಲ್ಲರೂ ಬೇಡಿಕೊಳ್ಳುತ್ತಾರೆ. ಬೇಡಿಕೊಳ್ಳುವವರ ಕಾಲು ಚೆಂಡಿನ ಕಡೆ ಚಲಿಸುವುದಿಲ್ಲ. ಆದ್ದರಿಂದ ತಪ್ಪಾದ ಮೇಲೆ ಏನು ಮಾಡಬೇಕೆಂಬುದನ್ನೂ ಅಭ್ಯಾಸ ಮಾಡಿಸಬೇಕು: ಪಿಚರ್ ತಿರುಗಿ, ಬಿಟ್ಟವಳ ಕಡೆಯೇ ನೋಡಿ, ಎಷ್ಟು ಔಟ್ ಎಂದು ಬೆರಳೆತ್ತಿ ತೋರಿಸಿ ‘ಇನ್ನೊಂದು ನಿನ್ನ ಕಡೆಗೇ ಬರುತ್ತೆ ಕಣೇ’ ಎನ್ನಬೇಕು. ಬಿಟ್ಟವಳು ಕೈ ಎತ್ತಿ ಒಪ್ಪಿಕೊಂಡರೆ ಸಾಕು, ‘ಸಾರಿ’ ಬೇಡ. ಕ್ಯಾಚರ್ ಸಿಟ್ಟಿನಿಂದ ಚೆಂಡನ್ನು ಕಾಲ ಬಳಿ ಎಸೆಯದೆ ಎದೆ ಮಟ್ಟಕ್ಕೆ ಕೊಡಬೇಕು. ಅಂಪೈರ್ ಬಾಲ್ ಎಂದರೆ ಮುಖ ಸಿಂಡರಿಸುವುದು ಪಿಚರ್‌ಗೂ ಕ್ಯಾಚರ್‌ಗೂ ಇಲ್ಲ. ಆ ಅಂಪೈರ್ ಕೆಳಗಿನದನ್ನು ಕೊಡುತ್ತಾರೋ ಹೊರಗಿನದನ್ನೋ ಎಂದು ಮೊದಲ ಇನಿಂಗ್ಸ್‌ನಲ್ಲೇ ಕ್ಯಾಚರ್ ಲೆಕ್ಕ ಹಾಕಿ ಹೇಳಬೇಕು.

ಟೋಕಿಯೊ ಒಲಿಂಪಿಕ್ಸ್‌ನ ಫೈನಲ್ 2021ರ ಜುಲೈ 27ರಂದು ಯೊಕೊಹಾಮಾದಲ್ಲಿ ನಡೆಯಿತು. ಆರನೇ ಇನಿಂಗ್ಸ್‌ನಲ್ಲಿ ಅಮೆರಿಕದ ಬಿರುಸಿನ ಹೊಡೆತವೊಂದು ಜಪಾನಿನ ಮೂರನೇ ಬೇಸ್‌ನ ಆಟಗಾರ್ತಿಯ ಕೈಗೆ ಬಡಿದು ಚಿಮ್ಮಿತು. ಶಾರ್ಟ್‌ಸ್ಟಾಪ್ ಮನಾ ಅತ್ಸುಮಿ ಅದನ್ನು ನೆಲ ಮುಟ್ಟುವ ಮೊದಲೇ ಹಿಡಿದು ಎರಡನೇ ಬೇಸ್‌ಗೆ ಎಸೆದು ಇಬ್ಬರನ್ನು ಔಟ್ ಮಾಡಿದರು. ಜಪಾನ್ ಗೆದ್ದದ್ದು 2-0. ಕಾಲ ಮೇಲೆ ಕಾದು ನಿಂತ ಫೀಲ್ಡರ್ ಮಾತ್ರ ಹಿಡಿಯಬಲ್ಲ ಚೆಂಡು ಅದು.

ಅದೇ ಪಂದ್ಯದಲ್ಲಿ ಇನ್ನೊಂದು ಪಾಠವಿದೆ. ಶುರು ಮಾಡಿದ 39 ವರ್ಷದ ಯುಕಿಕೊ ಉಎನೊ ಆರನೇ ಇನಿಂಗ್ಸ್‌ನಲ್ಲಿ ಜಾಗ ಬಿಟ್ಟರು, ಇಪ್ಪತ್ತರ ಮಿಯು ಗೊತೊ ಬಂದರು, ಏಳನೆಯದಕ್ಕೆ ಉಎನೊ ಮತ್ತೆ ಬಂದು ಮುಗಿಸಿದರು. ಆರಂಭಿಕ ಆಟಗಾರ್ತಿ ಹೊರಗೆ ಹೋಗಿ ಒಂದು ಸಲ ಮರಳಿ ಬರಲು ಸಾಫ್ಟ್‌ಬಾಲ್‌ನಲ್ಲಿ ಅವಕಾಶವಿದೆ. ನಮ್ಮಲ್ಲಿ ಮಾತ್ರ ಪಿಚರ್‌ನನ್ನು ತೆಗೆದರೆ ಅವಮಾನ, ಅಳು, ಮನೆಯವರ ಜಗಳ. ‘ನಾಲ್ಕನೇ ಇನಿಂಗ್ಸ್ ಅವಳು, ಆಮೇಲೆ ಮತ್ತೆ ನೀನು’ ಎಂದು ಪಂದ್ಯಕ್ಕೆ ಮೊದಲೇ ಹೇಳಿಬಿಟ್ಟರೆ ಈ ಗೋಳಿಲ್ಲ. 2008ರ ಬೀಜಿಂಗ್‌ನಲ್ಲಿ ಇದೇ ಉಎನೊ ಎರಡು ದಿನ, ಮೂರು ಪಂದ್ಯಗಳಲ್ಲಿ 413 ಎಸೆತ ಹಾಕಿ ಚಿನ್ನ ತಂದದ್ದನ್ನು ಕೆಲವರು ಮಕ್ಕಳಿಗೆ ಉದಾಹರಣೆ ಕೊಡುತ್ತಾರೆ. ಹದಿನಾಲ್ಕರ ಹುಡುಗಿಗೆ ಅದು ಮಾದರಿಯಲ್ಲ. ಕೆಳಗಿನಿಂದ ಎಸೆಯುವುದರಿಂದ ಭುಜಕ್ಕೆ ಏಟಿಲ್ಲ ಎಂಬ ನಂಬಿಕೆಯೂ ತಪ್ಪು. ದಣಿದ ಪಿಚರ್ ಹೊರಗಿನಿಂದ ಗಮನ ಕಳೆದುಕೊಂಡವಳ ಹಾಗೆಯೇ ಕಾಣುತ್ತಾಳೆ. ಹೆಜ್ಜೆ ಗಿಡ್ಡವಾಗಿ, ಚೆಂಡು ಮೇಲೇಳುತ್ತ, ಎಸೆತಗಳ ನಡುವಿನ ಹೊತ್ತು ಉದ್ದವಾಗುತ್ತ ಹೋದರೆ ಬೈಯುವುದಲ್ಲ, ಬದಲಿಸುವುದು.

ಮನಸ್ಸಿನ ತಲೆಗೆ ಕಟ್ಟುವ ಇನ್ನೂ ಕೆಲವು ದೋಷಗಳು ನಮ್ಮವು. ಮಹಿಳೆಯರ ಅಂತರರಾಷ್ಟ್ರೀಯ ಪಂದ್ಯದಲ್ಲಿ ಪಿಚಿಂಗ್ ದೂರ 43 ಅಡಿ. ಕಿರಿಯರಿಗೆ ಆಯಾ ಕೂಟದ ನಿಯಮದಂತೆ ಕಡಿಮೆ ಇರಬಹುದು. ಎಷ್ಟೇ ಇರಲಿ, ಟೇಪು ಹಿಡಿದು ಹೋಮ್ ಪ್ಲೇಟಿನ ಹಿಂದಿನ ಮೊನೆಯಿಂದ ಅಳೆಯಬೇಕು. ಹೆಜ್ಜೆ ಹಾಕಿ ಅಳೆದ ಮೈದಾನದಲ್ಲಿ ಎರಡಡಿ ಹೆಚ್ಚಾದರೆ ನಿನ್ನೆಯ ಸ್ಟ್ರೈಕ್ ಇಂದು ಮಣ್ಣಿಗೆ ಬೀಳುತ್ತದೆ, ಹುಡುಗಿ ತನ್ನನ್ನೇ ಅನುಮಾನಿಸುತ್ತಾಳೆ. ಎಸೆದು ಮುಗಿಸುವ ಹೊತ್ತಿಗೆ ಪಿಚರ್ ಐದಾರು ಅಡಿ ಮುಂದೆ ಬಂದಿರುತ್ತಾಳೆ. ನೇರ ಹೊಡೆತಕ್ಕೆ ಹೆದರುವುದು ಹೇಡಿತನವಲ್ಲ. ‘ಹೆದರಬೇಡ’ ಎನ್ನುವ ಬದಲು ಫೀಲ್ಡರ್ ಮುಖರಕ್ಷಕ ಕೊಡಿಸಿ. ಪಾವಗಡದ ಕಡೆಯಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟ ಮಗು ಹತ್ತೂವರೆಗೆ ಬರಿಹೊಟ್ಟೆಯಲ್ಲಿ ವೃತ್ತಕ್ಕೆ ಇಳಿದರೆ ಏಕಾಗ್ರತೆ ಎಲ್ಲಿಂದ? ಎರಡು ಗಂಟೆ ಮೊದಲು ಇಡ್ಲಿಯೋ ಚಿತ್ರಾನ್ನವೋ, ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣು. (ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಬೆಣ್ಣೆ ಸಮೇತ, ಪಂದ್ಯ ಮುಗಿದ ಮೇಲೆ.) ಶೌಚಾಲಯವಿಲ್ಲದ ಮೈದಾನಗಳಲ್ಲಿ ಹೆಣ್ಣುಮಕ್ಕಳು ಬೆಳಗಿನಿಂದ ನೀರೇ ಕುಡಿಯದಿರುವುದನ್ನು ಸಂಘಟಕರು ಗಮನಿಸಬೇಕು.

ಹೆತ್ತವರಲ್ಲಿ ಒಂದು ಕೋರಿಕೆ. ಕ್ಯಾಚರ್ ಬೆನ್ನ ಹಿಂದಿನ ತಡೆಬೇಲಿಯ (ಬ್ಯಾಕ್‌ಸ್ಟಾಪ್) ಹಿಂದೆ ನಿಂತು ಸೂಚನೆ ಕೊಡಬೇಡಿ. ಅಲ್ಲಿಂದ ನಿಮ್ಮ ಮುಖ ನೇರ ಅವಳ ಕಣ್ಣಿಗೆ ಬೀಳುತ್ತದೆ. ಬೈಕ್‌ನಲ್ಲಿ ಮನೆಗೆ ಹೋಗುವಾಗ ಪಂದ್ಯದ ಮಾತು ಅವಳಾಗಿ ತೆಗೆದರೆ ಮಾತ್ರ.

ಕ್ರೀಡಾಕೂಟ ನಡೆಸುವವರು ಮೊದಲ ಪಂದ್ಯಕ್ಕೆ ಮುನ್ನ ಹದಿನೈದು ನಿಮಿಷ ಎಲ್ಲ ತಂಡಗಳ ಪಿಚರ್, ಕ್ಯಾಚರ್‌ಗಳನ್ನು ಅಂಪೈರ್ ಮುಂದೆ ಕೂರಿಸಿ, ಪಿಚಿಂಗ್ ದೂರ, 20 ಸೆಕೆಂಡು, ವೃತ್ತದ ನಿಯಮ, ಮರಳಿ ಬರುವ ನಿಯಮ ಇವಿಷ್ಟನ್ನು ಕನ್ನಡದಲ್ಲಿ ಓದಿ ಹೇಳಿಸಬೇಕು. ಇದಕ್ಕೆ ಖರ್ಚಿಲ್ಲ. ಒಂದು ಟೇಪು, ಒಂದು ಚೀಲ ಸುಣ್ಣದ ಪುಡಿ ಹೇಗೂ ಇರುತ್ತದೆ.

– ಸಾಫ್ಟ್‌ಬಾಲ್ ಕಲಿಸುವ ಕೆಲವು ದೈಹಿಕ ಶಿಕ್ಷಣ ಶಿಕ್ಷಕರು, ತುಮಕೂರು