ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕ್ತಿರೋ ಮಂಜುಗೆ

ಪ್ರೀತಿಯ ಮಂಜು,

ದಾವಣಗೆರೆ ಬಿಟ್ಟು ಬರೋದು ಖಾತ್ರಿ ಆಯ್ತಂತಲ್ಲ, ಸಂತೋಷ. ಸರ್ಜಾಪುರ ರಸ್ತೆ ಕಡೆ ಯಾವ ಏರಿಯಾ ಸೇಫು ಅಂತ ಕೇಳಿದ್ದೀಯ. ಏರಿಯಾ ಹೆಸರು ಹೇಳಿದರೆ ನಿನಗೆ ಉಪಯೋಗ ಇಲ್ಲ ಕಣೋ. ಒಂದೇ ಬಡಾವಣೆಯಲ್ಲಿ ಮೂರನೇ ಕ್ರಾಸ್ ಒಣಗಿರುತ್ತೆ, ಐದನೇ ಕ್ರಾಸಲ್ಲಿ ಮಂಡಿಯುದ್ದ ನೀರು. ಬೀದಿ ಬೀದಿಯಾಗಿ ನೋಡಬೇಕು.

ಕಳ್ಳರ ಮಾತು ಆಮೇಲೆ, ಮೊದಲು ನೀರಿನ ಮಾತು. ಬಾಡಿಗೆ ಜಾಸ್ತಿ ಇದ್ದರೆ ಜಾಗ ಚೆನ್ನಾಗಿರುತ್ತೆ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. 2022ರ ಸೆಪ್ಟೆಂಬರಲ್ಲಿ ಬೆಳ್ಳಂದೂರು, ಯಮಲೂರು ಸುತ್ತಮುತ್ತ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದಲೇ ಜನರನ್ನ ಟ್ರ್ಯಾಕ್ಟರ್, ದೋಣಿ ಹತ್ತಿಸಿ ಹೊರಗೆ ತಂದರು. ಮೇಲಿನ ಕೆರೆ ತುಂಬಿದಾಗ ಕೆಳಗಿನ ಕೆರೆಗೆ ನೀರು ಒಯ್ಯೋ ರಾಜಕಾಲುವೆ ಕಿರಿದಾಗಿದ್ದರೆ, ನೀರು ತನ್ನ ಹಳೇ ದಾರೀಲಿ ಬರುತ್ತೆ. ಆ ದಾರೀಲಿ ಈಗ ಮನೆಗಳಿವೆ. ಅದಕ್ಕೇ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊ. ಮನೆ ಮುಂದೆ ನಿಂತು ತೆರೆದರೆ ಸರ್ವೆ ನಂಬರ್ ತೋರಿಸುತ್ತೆ. ಪಕ್ಕದಲ್ಲಿ ಕೆರೆಯೋ ರಾಜಕಾಲುವೆಯೋ ಇದ್ದರೆ ಅದು ಎಷ್ಟು ದೂರ ಅಂತ ಅಳೆದುಕೊ. ಬೆಂಗಳೂರಿನ ಪರಿಷ್ಕೃತ ಮಾಸ್ಟರ್ ಪ್ಲಾನ್-2015ರಲ್ಲಿ ದೊಡ್ಡ ರಾಜಕಾಲುವೆಗೆ 50 ಮೀಟರ್, ಮಧ್ಯಮದ್ದಕ್ಕೆ 25, ಚಿಕ್ಕದಕ್ಕೆ 15 ಮೀಟರ್ ಜಾಗ ಬಿಡಬೇಕು ಅಂತಿತ್ತು. ಅದರೊಳಗೆ ಇರೋ ಮನೆ ಎಷ್ಟೇ ಅಗ್ಗ ಆಗಿರಲಿ, ಬೇಡ.

ಆ್ಯಪ್ ಹೇಳದ್ದನ್ನ ಗೋಡೆ ಹೇಳುತ್ತೆ. ಕಾಂಪೌಂಡಿನ ಬುಡದಿಂದ ಒಂದೇ ಎತ್ತರಕ್ಕೆ ಕಂದು ಗೆರೆ ಎಳೆದ ಹಾಗಿದೆಯಾ? ಆ ಬೀದಿಯ ನಾಲ್ಕಾರು ಮನೆಯವರು ಗೇಟಿನೊಳಗೆ ಮೊಣಕಾಲೆತ್ತರದ ಕಟ್ಟೆ ಕಟ್ಟಿಸಿಕೊಂಡಿದ್ದಾರಾ? ಯಾರೂ ಸುಮ್ಮನೆ ದುಡ್ಡು ಖರ್ಚು ಮಾಡಿ ತಮ್ಮ ಗಾಡಿಗೇ ಅಡ್ಡ ಕಟ್ಟೆ ಹಾಕಲ್ಲ. ಗ್ರೌಂಡ್ ಫ್ಲೋರ್ ಆದರೆ ಬಚ್ಚಲಿಗೆ ಹೋಗಿ ನೀರು ಹೋಗೋ ಜಾಲರಿ ನೋಡು. ಅದರ ಮೇಲೆ ಕಲ್ಲು ಹೇರಿದ್ದರೆ, ಬಟ್ಟೆ ತುರುಕಿದ್ದರೆ, ಮಳೆಗಾಲದಲ್ಲಿ ಯುಜಿಡಿ (ನೆಲದಡಿಯ ಒಳಚರಂಡಿ) ನೀರು ಅಲ್ಲಿಂದ ಮೇಲೆ ಉಕ್ಕುತ್ತಿರಬಹುದು. ಸಂಪಿನ ಮುಚ್ಚಳ ರಸ್ತೆಗಿಂತ ಎತ್ತರಕ್ಕಿರಬೇಕು. ಸಮಸಮ ಇದ್ದರೆ ಒಂದು ಜೋರು ಮಳೆಗೆ ಮೋರಿ ನೀರು ಕುಡಿಯೋ ನೀರಿಗೆ ಸೇರುತ್ತೆ. ಓನರ್‌ಗೆ ಬಣ್ಣ ಹೊಡೆಸೋಕೆ ಬರುತ್ತೆ, ರಸ್ತೆ ಮಟ್ಟ ಇಳಿಸೋಕೆ ಬರಲ್ಲ. ಡಾಂಬರು ಹಾಕಿ ಹಾಕಿ ರಸ್ತೆಯೇ ಮನೆಗಿಂತ ಎತ್ತರ ಆಗಿರೋ ಬೀದಿಗಳು ಬೇಕಾದಷ್ಟಿವೆ.

ಎರಡನೇ ಸಲ ರಾತ್ರಿ ಹತ್ತು ಗಂಟೆ ಹೊತ್ತಿಗೆ ಹೋಗು. ಬೈಕಲ್ಲಿ ಬೇಡ, ಬಸ್‌ಸ್ಟಾಪಿನಿಂದ ಮನೆವರೆಗೆ ನಡಿ, ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗು. ಅವರ ಕಣ್ಣಿಗೆ ಬೀಳೋದು ನಿನ್ನ ಕಣ್ಣಿಗೆ ಬೀಳಲ್ಲ. ದೀಪದ ಕಂಬ ಎಷ್ಟಿವೆ ಅನ್ನೋದಕ್ಕಿಂತ ಉರೀತಿರೋದು ಎಷ್ಟು ಅಂತ ಎಣಿಸು. ಪೊದೆ ಬೆಳೆದ ಖಾಲಿ ಸೈಟು ಸಾಲಾಗಿ ಇವೆಯಾ, ಮೆಡಿಕಲ್ ಶಾಪೋ ಬೇಕರಿಯೋ ಆ ಹೊತ್ತಿಗೆ ತೆರೆದಿದೆಯಾ, ಕಸ ಸುರಿಯೋ ಮೂಲೆಯಲ್ಲಿ ನಾಯಿ ಹಿಂಡು ಇದೆಯಾ ನೋಡಿಕೊ. ಅಮ್ಮ ಬೆಳಗ್ಗೆ ಹೂವು ತರೋಕೆ ಹೋಗೋದು ಅದೇ ದಾರೀಲಿ. ಕಳ್ಳತನದ ವಿಷಯ ಬ್ರೋಕರ್ ಹತ್ತಿರ ಕೇಳಬೇಡ, ಇಸ್ತ್ರಿ ಅಂಗಡಿಯವರನ್ನ ಕೇಳು. ಯಾವ ಮನೆ ಎಷ್ಟು ದಿನ ಬೀಗ ಹಾಕಿತ್ತು, ಎಲ್ಲಿ ಬಾಡಿಗೆದಾರರು ಆರಾರು ತಿಂಗಳಿಗೆ ಖಾಲಿ ಮಾಡ್ತಾರೆ ಎಲ್ಲಾ ಅವರಿಗೆ ಗೊತ್ತು. ಠಾಣೆವಾರು ಕೇಸಿನ ಸಂಖ್ಯೆ ನೋಡಿ ಹೆದರಬೇಡ. ಎಫ್‌ಐಆರ್ ತಗೊಳ್ಳೋ ಠಾಣೆಯಲ್ಲಿ ಕೇಸು ಜಾಸ್ತಿನೇ ಕಾಣುತ್ತೆ.

ಮನೆಯೊಳಗೆ ನಾಲ್ಕೇ ಕಡೆ ನೋಡಿದರೆ ಸಾಕು. ಟೆರೇಸ್ ಬಾಗಿಲಿಗೆ ಒಳಗಿನಿಂದ ಚಿಲಕ ಗಟ್ಟಿ ಇರಬೇಕು, ಯಾಕಂದ್ರೆ ಇಪ್ಪತ್ತಕ್ಕೆ ಮೂವತ್ತರ ಸೈಟುಗಳಲ್ಲಿ ಪಕ್ಕದ ಟೆರೇಸಿಂದ ಒಂದೇ ಹೆಜ್ಜೆ. ಕಿಟಕಿ ಗ್ರಿಲ್ಲುಗಳಲ್ಲಿ ಒಂದಾದರೂ ಬೀಗ ತೆಗೆದು ಬಿಚ್ಚೋ ಥರ ಇರಲಿ. ಎಲ್ಲವೂ ವೆಲ್ಡಿಂಗ್ ಆಗಿದ್ದು ಬಾಗಿಲ ಹತ್ತಿರ ಬೆಂಕಿ ಹತ್ತಿದರೆ ಹೊರಗೆ ಬರೋಕೆ ದಾರಿ ಇಲ್ಲ. ಬಾಲ್ಕನಿಯಿಂದ ಬೀದಿಯ 11 ಕೆವಿ ಹೈಟೆನ್ಷನ್ ತಂತಿಗೆ ಅಡ್ಡಳತೆಯಲ್ಲಿ ಕನಿಷ್ಠ 1.2 ಮೀಟರ್ ಅಂತರ ಬೇಕು, ಮಗಳು ಬಟ್ಟೆ ಒಣಹಾಕೋ ಕಬ್ಬಿಣದ ಕೋಲನ್ನೂ ಲೆಕ್ಕಕ್ಕೆ ಇಟ್ಟುಕೊ. ಸ್ವಿಚ್‌ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್ಚು) 30 ಮಿಲಿಆಂಪಿಯರ್‌ದು ಇದ್ದರೆ ಅದರ ‘ಟಿ’ ಗುಂಡಿ ಒತ್ತು, ಕರೆಂಟ್ ತಟ್ಟನೆ ಹೋಗಬೇಕು. ಹೋಗಲಿಲ್ಲ ಅಂದ್ರೆ, ಇಲ್ಲಾ ಅದು ಇಲ್ಲವೇ ಇಲ್ಲ ಅಂದ್ರೆ, ಹೊಸದು ಹಾಕಿಸಿಕೊಡಿ ಅಂತ ಓನರ್‌ಗೆ ಹೇಳು.

ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತೆ, ಮಾರ್ಚ್-ಏಪ್ರಿಲಲ್ಲಿ ಬೋರ್‌ವೆಲ್ ಏನಾಗುತ್ತೆ ಅಂತ ಪಕ್ಕದ ಮನೆಯವರನ್ನ ಕೇಳು. ಊರೆಲ್ಲ ನೀರಿಗೆ ಪರದಾಡಿದ 2024ರ ಬೇಸಿಗೆ ಹೇಗೆ ಕಳೆದರು ಅಂತ ಕೇಳಿದರೆ ಅವರೇ ಶುರು ಮಾಡ್ತಾರೆ.

ಟೋಕನ್ ಅಡ್ವಾನ್ಸ್ ಕೊಡೋ ಮುಂಚೆ, ಒಂದು ಜೋರು ಮಳೆ ಬಂದು ನಿಂತ ಅರ್ಧ ಗಂಟೆಯೊಳಗೆ ಆ ಬೀದಿಗೆ ಹೋಗು. ಮಳೆ ಬರಲಿಲ್ಲ ಅಂದ್ರೆ ಅಗ್ರಿಮೆಂಟಲ್ಲಿ ಒಂದು ಸಾಲು ಸೇರಿಸು: ಮನೆಯೊಳಗೆ ನೀರು ನುಗ್ಗಿದರೆ ನೋಟಿಸ್ ಇಲ್ಲದೆ ಖಾಲಿ ಮಾಡಬಹುದು, ಅಡ್ವಾನ್ಸ್ ಪೂರ್ತಿ ವಾಪಸ್. ಈ ಸಾಲಿಗೆ ಓನರ್ ಮುಖ ಹೇಗೆ ಮಾಡ್ತಾರೆ ಅನ್ನೋದನ್ನೂ ನೋಡು.

ಅಮ್ಮನಿಗೆ ನಮಸ್ಕಾರ ಹೇಳು. ಎರಡು ಮೂರು ಮನೆ ಗೊತ್ತಾದ ಮೇಲೆ ಲೊಕೇಶನ್ ಕಳಿಸು.

ಇಂತಿ ನಿನ್ನ ಗೆಳೆಯ