ಶುಗರ್ ಮಾತ್ರೆ ಅಂದುಕೊಂಡು ಬಿಟ್ಟೆ

ಮಾನ್ಯರೇ,

ನನಗೆ 64 ವರ್ಷ. ಸಕ್ಕರೆ ಕಾಯಿಲೆ ಬಂದು 14 ವರ್ಷವಾಯಿತು. ಕಳೆದ ವರ್ಷ ಹಾರ್ಟ್ ಅಟ್ಯಾಕ್ ಆದಾಗ ಎದೆನೋವು ಅನ್ನುವಂಥದ್ದು ಇರಲೇ ಇಲ್ಲ. ಬೆವರು, ಸುಸ್ತು, ಹೊಟ್ಟೆ ತೊಳಸಿದ ಹಾಗೆ. ಗ್ಯಾಸ್ ಎಂದುಕೊಂಡು ಅರ್ಧ ದಿನ ಸುಮ್ನೆ ಮಲಗಿದ್ದೆ. ಸಕ್ಕರೆ ಕಾಯಿಲೆಯವರಿಗೆ ಎಷ್ಟೋ ಸಲ ನೋವು ಸರಿಯಾಗಿ ಗೊತ್ತೇ ಆಗುವುದಿಲ್ಲವಂತೆ.

ಸ್ಟೆಂಟ್ ಹಾಕಿದರು. ಎಕೋ (ಹೃದಯದ ಸ್ಕ್ಯಾನ್) ನೋಡಿ 'ಇಎಫ್ 38' ಎಂದರು. 'ನೂರಕ್ಕೆ 38 ಅಂದರೆ ಪಾಸಾ ಫೇಲಾ?' ಎಂದು ಕೇಳಿದೆ. ನಕ್ಕರು, ಬಿಡಿಸಿ ಹೇಳಲಿಲ್ಲ. ಒಂದೊಂದು ಬಡಿತಕ್ಕೆ ಹೃದಯ ತನ್ನಲ್ಲಿ ತುಂಬಿದ ರಕ್ತದಲ್ಲಿ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಎನ್ನುವ ಲೆಕ್ಕ ಅದು. ಗಟ್ಟಿಮುಟ್ಟಾಗಿರುವವರಿಗೂ 60ರ ಆಸುಪಾಸು, ಅಷ್ಟೇ. ಮನೆಗೆ ಕಳಿಸುವಾಗ ಚೀಟಿಯಲ್ಲಿ ಏಳು ಮಾತ್ರೆ ಇದ್ದವು. ಯಾವುದು ಯಾಕೆ ಎಂದು ಒಂದು ಸಾಲೂ ಇರಲಿಲ್ಲ.

ಮೂರು ತಿಂಗಳಲ್ಲಿ ಆರಾಮಾದೆ. ಬಿಪಿ 110 ಇದೆ, ಮತ್ತೆ ಬಿಪಿ ಮಾತ್ರೆ ಯಾಕೆ ಎಂದು ರಾಮಿಪ್ರಿಲ್ ಬಿಟ್ಟೆ. ಡಾಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ತೆಗೆದುಕೊಂಡರೆ ಪದೇ ಪದೇ ಮೂತ್ರಕ್ಕೆ ಏಳಬೇಕು. ಶುಗರ್ ಹೇಗೂ ಹಿಡಿತದಲ್ಲಿತ್ತು, ಅದನ್ನೂ ಬಿಟ್ಟೆ. ಅದರ ಬದಲಿಗೆ, ಮೇಜಿನ ಖಾನೆಯಲ್ಲಿ ಉಳಿದಿದ್ದ ಹಳೆಯ ಶುಗರ್ ಮಾತ್ರೆ ಪಿಯೋಗ್ಲಿಟಜೋನ್ ಶುರು ಮಾಡಿದೆ. ಜಾಣತನ ನೋಡಿ!

ಕೆಲವೇ ವಾರದಲ್ಲಿ ಚಪ್ಪಲಿ ಬಿಗಿಯಾಯಿತು. ನಾಲ್ಕು ದಿನದಲ್ಲಿ ಮೂರು ಕೆಜಿ ತೂಕ ಏರಿತು. ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುತ್ತಿದ್ದೆ. ಮತ್ತೆ ಆಸ್ಪತ್ರೆ. ಈ ಸಲ ಅದರ ಹೆಸರು ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ಸಾಕಷ್ಟು ರಕ್ತ ತಳ್ಳಲಾರದ ಸ್ಥಿತಿ.

ಅಲ್ಲಿನ ಕಿರಿಯ ವೈದ್ಯೆಯೊಬ್ಬರು ನನ್ನ ಮಾತ್ರೆಗಳನ್ನೆಲ್ಲ ಮಂಚದ ಮೇಲೆ ಹರಡಿ ಕೂತು ಬಿಡಿಸಿ ಹೇಳಿದರು. ರಾಮಿಪ್ರಿಲ್ ಕೊಟ್ಟಿದ್ದು ಬಿಪಿಗಲ್ಲ, ಪೆಟ್ಟು ತಿಂದ ಹೃದಯದ ಗೋಡೆ ಹಿಗ್ಗಿ ಜೋತು ಬೀಳದಿರಲಿ ಎಂದು. ಇದೇ ಜಾತಿಯ ಕ್ಯಾಪ್ಟೋಪ್ರಿಲ್ ಅನ್ನು ನನ್ನಂತೆ ಇಎಫ್ 40ರ ಒಳಗಿದ್ದ 2,231 ಜನರ ಮೇಲೆ ಪರೀಕ್ಷಿಸಿದ ಫಲ 1992ರಲ್ಲೇ ಬಂದಿದೆ. ಮಾತ್ರೆ ಸಿಕ್ಕ ಗುಂಪಿನಲ್ಲಿ ಸಾವು 19% ಕಡಿಮೆ. ಡಾಪಾಗ್ಲಿಫ್ಲೋಜಿನ್ ಸಕ್ಕರೆಯ ಜೊತೆ ಉಪ್ಪು, ನೀರನ್ನೂ ಹೊರಗೆ ಹಾಕಿ ಹೃದಯದ ಹೊರೆ ಇಳಿಸುತ್ತದೆ. ಅದೇ ಜಾತಿಯ ಎಂಪಾಗ್ಲಿಫ್ಲೋಜಿನ್ ಅನ್ನು ಹಾರ್ಟ್ ಅಟ್ಯಾಕ್ ಆದವರಿಗೇ ಕೊಟ್ಟು ನೋಡಿದ ದೊಡ್ಡ ಪರೀಕ್ಷೆಯ ಫಲ 2024ರಲ್ಲಿ ಬಂತು. ಸಾವು ಇಳಿಯಲಿಲ್ಲ, ಅದನ್ನೂ ಹೇಳಬೇಕು. ಆದರೆ ಹಾರ್ಟ್ ಫೇಲ್ಯೂರ್ ಆಗಿ ಆಸ್ಪತ್ರೆ ಸೇರುವುದು ಹೆಚ್ಚುಕಡಿಮೆ ಕಾಲುಭಾಗ ಇಳಿಯಿತು. ಪಿಯೋಗ್ಲಿಟಜೋನ್ ಇದರ ಉಲ್ಟಾ, ಮೈಯಲ್ಲಿ ನೀರು ನಿಲ್ಲಿಸುತ್ತದೆ. 2007ರಲ್ಲೇ ಅಮೆರಿಕದಲ್ಲಿ ಅದರ ಮಾಹಿತಿ ಪತ್ರದಲ್ಲಿ ಈ ಬಗ್ಗೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿದ್ದರು.

ತಪ್ಪು ನನ್ನದೇ, ಕೇಳದೆ ಬಿಟ್ಟೆ. ಆದರೂ ನಾನು ಗಣಿತದ ಮೇಷ್ಟ್ರಾಗಿದ್ದವನು. ಉತ್ತರ ಮಾತ್ರ ಬರೆದು ಹಂತ ಬಿಟ್ಟವರಿಗೆ ಪೂರ್ತಿ ಅಂಕ ಕೊಟ್ಟವನಲ್ಲ. ಆ ಚೀಟಿಯೂ ಹಾಗೇ ಇತ್ತು ಅಲ್ವಾ? 'ಇದು ಬಿಪಿಗಲ್ಲ, ಹೃದಯಕ್ಕೆ' ಎಂದು ಮಾತ್ರೆಯ ಪಕ್ಕದಲ್ಲಿ ಮೂರು ಪದ ಬರೆಯಲು ಎಷ್ಟು ಹೊತ್ತು ಬೇಕು? ವಾಂತಿಭೇದಿ ಆದ ದಿನ ಯಾವುದನ್ನು ನಿಲ್ಲಿಸಬೇಕು, ರಕ್ತದ ಪೊಟ್ಯಾಶಿಯಂ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಯಾವಾಗ ನೋಡಿಸಬೇಕು ಎನ್ನುವುದನ್ನೂ ಅಲ್ಲೇ ಬರೆಯಬಹುದು. ಆಸ್ಪತ್ರೆಗಳು ಇದನ್ನು ರೂಢಿ ಮಾಡಿಕೊಳ್ಳಲಿ. ನನ್ನ ಚೀಟಿಯ ಮೇಲೆ ಈಗ ನಾನೇ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೇನೆ.

– ನಿವೃತ್ತ ಶಿಕ್ಷಕ